ತಲೆ ಎತ್ತಬಾರದ ಇಪ್ಪತ್ನಾಲ್ಕು ತಾಸು

ಮೊನ್ನೆ ಆಳಂದದಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಂಡೆ. ಹಲ್ಲಿನ ಡಾಕ್ಟರು ಒಸಡಿಗೆ ಸೂಜಿ ಚುಚ್ಚಿ, ಐದು ನಿಮಿಷ ಹೊರಗೆ ಕುಳಿತಿರಿ ಎಂದರು. ಆ ಐದು ನಿಮಿಷದಲ್ಲಿ ನನ್ನ ಕೆಳದುಟಿ ನನ್ನದಲ್ಲದಂತಾಯಿತು. ಮುಟ್ಟಿದರೆ ಬೆರಳಿಗೆ ತುಟಿ ಗೊತ್ತಾಗುತ್ತದೆ, ತುಟಿಗೆ ಬೆರಳು ಗೊತ್ತಾಗುವುದಿಲ್ಲ. ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ತುಟಿ ಇದ್ದಲ್ಲೇ ಇದೆಯೇ ಎಂದು ನೋಡಿಕೊಂಡೆ. ಇತ್ತು. ಎರಡು ನಿಮಿಷ ಬಿಟ್ಟು ಮತ್ತೆ ನೋಡಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು, "ಚಂದ ಅದೀರಿ ಬಿಡ್ರಿ ಅಕ್ಕೋರ, ಎಷ್ಟ್ ಸಲ ನೋಡ್ಕೋತೀರಿ" ಎಂದರು. ನನಗೆ ನಗು ಬಂತು, ಆದರೆ ನಕ್ಕಿದ್ದು ಅರ್ಧ ಬಾಯಿ ಮಾತ್ರ.

ಮನೆಗೆ ಬಂದು ಕುಡಿದ ಚಹಾದಲ್ಲಿ ಅರ್ಧ ಸೀರೆಗೆ ಹೋಯಿತು. ತುಟಿ ಕಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಮೂರು ಸಲ ಹೇಳಿ ಕಳಿಸಿದ್ದರು. ತುಟಿಗೆ ಜೀವ ಇದೆಯೋ ಇಲ್ಲವೋ ನೋಡಬೇಕೆಂದು ನಾನು ಅದನ್ನೇ ಮಾಡಿದೆ. ಸಂಜೆ ಜೋಮು ಬಿಟ್ಟಾಗ ಹಲ್ಲು ಕಿತ್ತ ಜಾಗಕ್ಕಿಂತ ಕಚ್ಚಿಕೊಂಡ ತುಟಿಯೇ ಹೆಚ್ಚು ನೋಯುತ್ತಿತ್ತು. ಆದರೆ ನನಗೆ ಸಮಾಧಾನವಾದದ್ದು ಆ ನೋವು ಬಂದ ಮೇಲೆಯೇ. ನೋವಿಗೆ ಹೆದರುವವರು ಎಲ್ಲ ಕಡೆ ಇದ್ದಾರೆ. ನಾನು ನೋವಿಲ್ಲದ್ದಕ್ಕೆ ಹೆದರುವವಳು.

ಇದು ಇಂದು ನಿನ್ನೆಯ ರೋಗವಲ್ಲ. ನನ್ನ ತವರು ಅಫಜಲಪುರ ತಾಲ್ಲೂಕಿನ ಗೊಬ್ಬೂರ. ಎಂಟು ವರ್ಷದವಳಿದ್ದಾಗ ಹಿತ್ತಲಿನ ಕುಳ್ಳಿನ, ಅಂದರೆ ಬೆರಣಿಯ, ಒಟ್ಟಿಲಿಗೆ ಕೈ ಹಾಕಿದೆ, ಚೇಳು ಕಡಿಯಿತು. ಊರಿಗೆ ಕೇಳುವಂತೆ ಅತ್ತೆ. ಸರ್ಕಾರಿ ದವಾಖಾನೆಯ ಕಂಪೌಂಡರ್ ಬೆರಳಿನ ಬುಡಕ್ಕೆ ಒಂದು ಸೂಜಿ ಹಾಕಿದ. ನೋವು ಹೋಯಿತು, ಅದರ ಜೊತೆಗೆ ಬೆರಳೂ ಹೋಯಿತು. ಕಣ್ಣಿಗೆ ಕಾಣುತ್ತದೆ, ಆದರೆ ಇಲ್ಲ. ಓಣಿಯ ಹುಡುಗರಿಗೆ ಅದೊಂದು ದೊಡ್ಡ ತಮಾಷೆಯಾಗಿ, ಜಾಲಿಮುಳ್ಳು ತಂದು ಚುಚ್ಚಿ "ಗೊತ್ತಾಗ್ತದೇನ್ಲೇ?" ಎಂದು ಕೇಳಿದರು. ಗೊತ್ತಾಗಲಿಲ್ಲ. ಚೇಳು ಕಡಿದಾಗ ಅತ್ತದ್ದಕ್ಕಿಂತ ಹೆಚ್ಚು ಆಗ ಅತ್ತೆ. "ಬೆರಳು ಸತ್ತದ ಬೇ ಯವ್ವಾ" ಎಂದು ಓಡಿಹೋದರೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. "ಸತ್ತಿಲ್ಲ ನನ್ನವ್ವ, ಮಲಗ್ಯಾದ. ಏಳ್ತದ, ತಡಿ" ಎಂದಳು. ಅದು ಏಳುವವರೆಗೂ ಬಿಡಲಿಲ್ಲ. ಆ ದಿನ ಮನೆಯಲ್ಲಿ ಎಲ್ಲರೂ ತಡವಾಗಿ ಉಂಡರು.

ಅವ್ವ ಹಾಗೆ. ಆದರೆ ಅವ್ವನ ಸರದಿ ಬಂದಾಗ ನಾನು ಏನು ಮಾಡಿದೆ ಎಂಬುದನ್ನು ಇವತ್ತಿನವರೆಗೂ ಯಾರಿಗೂ ಸರಿಯಾಗಿ ಹೇಳಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನೀವು ಗೊಬ್ಬೂರಿನ ಕಡೆ ಹೋದರೆ ದಯವಿಟ್ಟು ಸುಮ್ಮನಿರಿ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಆಗತಾನೆ ಜೇವರ್ಗಿ ತಾಲ್ಲೂಕಿನ ಯಡ್ರಾಮಿಯಲ್ಲಿ ಶಾಲೆಯ ನೌಕರಿ ಸಿಕ್ಕಿತ್ತು, ಮದುವೆ ಆಗಿರಲಿಲ್ಲ. ಅವ್ವನಿಗೆ ನಾಲ್ಕು ವರ್ಷದಿಂದ ಗರ್ಭಚೀಲ ಜಾರಿತ್ತು. ಹೇಳಿಕೊಳ್ಳಲು ನಾಚಿಕೆಯಾಗಿ ಹಾಗೇ ಹೊಲಕ್ಕೆ ಹೋಗಿ ಬಂದು ಮಾಡುತ್ತಿದ್ದಳು. ಕೊನೆಗೆ ಕೂರಲು ನಿಲ್ಲಲು ಆಗದಂತಾದಾಗ ಅಫಜಲಪುರದ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಬಂದೆವು. ಎಂಟು ಮಂಚದ ಆಸ್ಪತ್ರೆ. ಅದನ್ನು ನಡೆಸುತ್ತಿದ್ದವರು ಒಬ್ಬ ಹೆಣ್ಣು ಡಾಕ್ಟರು, ನಮ್ಮ ಮಾತಿನಲ್ಲಿ ಡಾಕ್ಟರಬಾಯಿ. ಚೀಲ ತೆಗೆಯಲೇಬೇಕು, ಬೇರೆ ದಾರಿಯಿಲ್ಲ ಎಂದರು ಅವರು. ಅವ್ವ ಅದಕ್ಕೆ ಒಪ್ಪಿದಳು. ಒಪ್ಪದೇ ಹೋದದ್ದು ಭೂಲಿಗೆ.

ಭೂಲ್ ಎಂದರೆ ನಮ್ಮ ಕಡೆ ಅರಿವಳಿಕೆ. ಮರಾಠಿ ಸೀಮೆಯಿಂದ ಬಂದು ನಮ್ಮಲ್ಲೇ ಉಳಿದ ಮಾತು. ಪೂರ್ತಿ ಭೂಲ್ ಕೊಟ್ಟರೆ ಮನುಷ್ಯನಿಗೆ ತನ್ನ ಖಬರು ಇರುವುದಿಲ್ಲ, ಅವ್ವನ ಹೆದರಿಕೆ ಅದೇ. ಕೊರಳಲ್ಲಿ ಇಷ್ಟಲಿಂಗವಿದೆ. ದೀಕ್ಷೆ ಆದ ದಿನದಿಂದ ಅದು ಮೈಯಿಂದ ದೂರವಾಗಿಲ್ಲ. "ನನಗ ಎಚ್ಚರ ಇಲ್ದಾಗ ಯಾರರ ಕರಡಿಗಿ ಬಿಚ್ಚಿ ಕಿಟಕ್ಯಾಗ ಇಟ್ರ ನಾ ಏನ್ ಮಾಡ್ಲಿ? ಎದ್ದ ಮ್ಯಾಲ ಯಾರನ್ನ ಕೇಳ್ಲಿ?" ಎಂದಳು. ಕರಡಿಗೆ ಎಂದರೆ ಲಿಂಗವನ್ನು ಇಡುವ ಬೆಳ್ಳಿಯ ಭರಣಿ. ಡಾಕ್ಟರಬಾಯಿ ಎಷ್ಟು ಹೇಳಿದರೂ ಅವ್ವ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಆಗ ಬಂದವರು ಸೂಜಿ ಡಾಕ್ಟರು. ಭೂಲ್ ಕೊಡುವುದೇ ಅವರ ಕೆಲಸ. ಗುಲ್ಬರ್ಗಾದಿಂದ ಪ್ರತಿ ಗುರುವಾರ ಒಂದು ಕರಿ ಚೀಲ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. ಮುಸಲ್ಮಾನರು, ಮನೆಯಲ್ಲಿ ಉರ್ದು, ಹೊರಗೆ ನಮ್ಮಷ್ಟೇ ಕನ್ನಡ. ಅವ್ವನ ಮಾತನ್ನೆಲ್ಲ ಕೇಳಿ, "ಹಂಗಾರ ಪೂರಾ ಭೂಲ್ ಬ್ಯಾಡ್ರಿ ಅಮ್ಮಾ" ಎಂದರು. "ಬೆನ್ನಾಗ ಒಂದು ಸಣ್ಣ ಸೂಜಿ ಹಾಕ್ತೇನಿ. ಎಲುಬಿನ ಸಂದ್ಯಾಗ ನೀರಿನಂಥದ್ದು ಇರ್ತದ, ಅದರಾಗ ಸ್ವಲ್ಪ ದವಾ ಬಿಟ್ರ ನಡದ ಕೆಳಗ ಅಷ್ಟೇ ಸುನ್ನ ಆಗ್ತದ, ಜೋಮು ಹಿಡದಂಗ. ತಲಿ ಎಚ್ಚರ, ಕೈ ಎಚ್ಚರ. ನಿಮ್ಮ ಲಿಂಗಪ್ಪನ್ನ ನೀವೇ ಎದಿ ಮ್ಯಾಲ ಹಿಡ್ಕೊಂಡು ಮಲಕೋರಿ. ಅದಕ್ಕ ಸುತ್ತಲಿಕ್ಕೆ ಕುದಿಸಿದ ಬಟ್ಟಿ ನಾ ಕೊಡ್ತೇನಿ."

ಅವ್ವನ ಮುಖ ಅರಳಿತು. ನನ್ನದು ಅರಳಲಿಲ್ಲ. ಯಾಕೆಂದರೆ ಹಿಂದಿನ ದಿನವಷ್ಟೇ ಅತನೂರಿನ ಸಿದ್ರಾಮ ಮಾಮಾ ಮಾತಾಡಿಸಲು ಬಂದಿದ್ದ. ಬಾಳೆಹಣ್ಣು ತಂದ, ಅದರಲ್ಲಿ ನಾಲ್ಕು ತಾನೇ ತಿಂದ, ತಿನ್ನುತ್ತಾ ಒಂದು ಸುದ್ದಿ ಹೇಳಿ ಹೋದ. ಅವನ ಬೀಗರ ಊರಲ್ಲಿ ಯಾರಿಗೋ ಬೆನ್ನಿಗೆ ಸೂಜಿ ಹಾಕಿದರಂತೆ, ಅವತ್ತು ಮಲಗಿದ ಕಾಲು ಇವತ್ತಿಗೂ ಎದ್ದಿಲ್ಲವಂತೆ. ರೋಗಿಯನ್ನು ನೋಡಲು ಬರುವವರು ಇಂಥ ಒಂದು ಸುದ್ದಿ ತರಲೇಬೇಕೆಂಬ ಕಾಯಿದೆ ಏನಾದರೂ ಇದೆಯೋ ಏನೋ.

ನಾನು ಕೂತು ಒಂದು ಹಾಳೆಯಲ್ಲಿ ಏಳು ಪ್ರಶ್ನೆ ಬರೆದೆ. ಕಾಲು ಎಷ್ಟು ಹೊತ್ತಿಗೆ ಏಳುತ್ತವೆ? ಎರಡೂ ಒಟ್ಟಿಗೆ ಏಳುತ್ತವೆಯೇ? ಒಂದು ಎದ್ದು ಇನ್ನೊಂದು ಏಳದಿದ್ದರೆ ಏನು ಮಾಡಬೇಕು? ಹೀಗೆ. ಸೂಜಿ ಡಾಕ್ಟರು ಹಾಳೆ ಓದಿ, "ಅಕ್ಕೋರ, ಪರೀಕ್ಷಾ ನಂದೋ ನಿಮ್ಮವ್ವರದೋ?" ಎಂದು ಕೇಳಿದರು. ಆಮೇಲೆ ಒಂದೊಂದಕ್ಕೂ ಉತ್ತರ ಹೇಳಿದರು. ಔಷಧದ ಜೋರು ಎರಡು ತಾಸು, ಹೆಚ್ಚೆಂದರೆ ಮೂರು ತಾಸು. ಕಾಲಿಗೆ ಏನೂ ಆಗುವುದಿಲ್ಲ. ಆದರೆ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದರು. "ಸೂಜಿ ಹೋದಲ್ಲಿ ಒಂದು ಸಣ್ಣ ತೂತು ಉಳೀತದ. ಅದು ಮುಚ್ಚೋತನಕ ಪಟ್ಟಂತ ಮಲಗಬೇಕು. ದಿಂಬಿಲ್ಲ, ತಲಿ ಎತ್ತಂಗಿಲ್ಲ, ಇಪ್ಪತ್ನಾಕು ತಾಸು. ತಲಿ ಎತ್ತಿದ್ರ ಒಳಗಿನ ನೀರು ಸೋರ್ತದ, ತಲಿ ಸಿಡಿಯೋ ಹಾಂಗ ನೋಯ್ತದ. ಇದರ ಜವಾಬ್ದಾರಿ ನಿಮ್ಮದು."

ಆಗೆಲ್ಲ ಅದೇ ನಿಯಮ, ಎಲ್ಲ ಕಡೆ ಹಾಗೆಯೇ ಮಲಗಿಸುತ್ತಿದ್ದರು. ನನಗೆ ನಿಯಮ ಎಂದರೆ ನಿಯಮ. ಇಪ್ಪತ್ನಾಲ್ಕು ತಾಸು ಎಂದು ಹಾಳೆಯ ಹಿಂದೆ ಬರೆದುಕೊಂಡೆ.

ಮುಂದಿನ ಗುರುವಾರ ಬೆಳಿಗ್ಗೆ ಅವ್ವ ಸ್ನಾನ, ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಒಳಗೆ ಹೋದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ, ನಾನು ಬಾಗಿಲಿನ ಹತ್ತಿರ. ಒಳಗಿನಿಂದ ಸೂಜಿ ಡಾಕ್ಟರ ದನಿ ಕೇಳುತ್ತಿತ್ತು. "ಬೆಕ್ಕಿನ ಗತೆ ಬೆನ್ನು ಬಗ್ಗಸ್ರಿ ಅಮ್ಮಾ. ಇನ್ನೂ ಜರಾ. ಅಳ್ಳಾಡಬ್ಯಾಡ್ರಿ." ಮೊದಲ ಸಲ ಸೂಜಿ ಎಲುಬಿಗೆ ಬಡಿಯಿತು, ಎರಡನೆಯ ಸಲವೂ ಬಡಿಯಿತು. ಅವ್ವ "ಶಿವಶಿವಾ" ಎಂದದ್ದು ಹೊರಗೆ ಕೇಳಿತು. ಮೂರನೆಯ ಸಲಕ್ಕೆ ಕೂತಿತು. ನಾಲ್ಕು ಮಕ್ಕಳನ್ನು ಹೆತ್ತವಳು, ಎರಡನ್ನು ಮಣ್ಣು ಮಾಡಿದವಳು, ಆ ಸೂಜಿಯ ಬಗ್ಗೆ ಆಮೇಲೆ ಹೇಳಿದ್ದು ಇಷ್ಟೇ: "ಅದನ್ನ ಇನ್ನೊಮ್ಮಿ ಹಾಕಿಸ್ಕೋ ಅಂದ್ರ ಬಾವಿ ನೋಡ್ಕೋತೇನಿ."

ಎಲ್ಲ ಸುಸೂತ್ರವಾಗಿ ಮುಗಿಯಿತು. ಅವ್ವನನ್ನು ಹೊರಗೆ ತಂದು ಮಂಚಕ್ಕೆ ಹಾಕಿದಾಗ ಅವಳಿಗೆ ಪೂರ್ತಿ ಎಚ್ಚರ. ಕೈ ಚಾಚಿ ತನ್ನ ತೊಡೆಯನ್ನೇ ಮುಟ್ಟಿ, "ಶಾಂತಿ, ಇದು ಯಾರ ತೊಡಿ ಬೇ? ತಗದು ಆಚಿ ಇಡು, ಭಾರ ಆಗ್ಯಾದ" ಎಂದಳು. ಆಯಾ ಖಾಜಾಬೀ ನಕ್ಕಳು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಸೆರಗಿನ ಪಿನ್ನು ತೆಗೆದು ಅವ್ವನ ಹೆಬ್ಬೆರಳಿಗೆ ಮೆಲ್ಲಗೆ ಒತ್ತಿದೆ. "ಗೊತ್ತಾಗ್ತದೇನ್ ಬೇ?" ಇಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದೆ. ಇಲ್ಲ. ಹತ್ತು ನಿಮಿಷಕ್ಕೆ ಎಂದುಕೊಂಡದ್ದು ಐದಾಯಿತು, ಐದು ಎರಡಾಯಿತು. ಅತನೂರಿನ ಮಾಮಾನ ಬೀಗರ ಊರಿನ ಆ ಮನುಷ್ಯ ಕೋಲು ಊರಿಕೊಂಡು ನನ್ನ ಕಣ್ಣ ಮುಂದೆಯೇ ಓಡಾಡುತ್ತಿದ್ದ. ಕೊನೆಗೆ ಖಾಜಾಬೀ ಬಂದು ಪಿನ್ನನ್ನು ಕಸಿದುಕೊಂಡಳು. "ಅವ್ವಗ ಗೊತ್ತಾಗೋದಿಲ್ಲಂತ ಜರಡಿ ಮಾಡ್ತೀಯೇನ್ ಬೇ? ಜೋಮು ಇಳದ ಮ್ಯಾಲ ಎಲ್ಲಾ ಒಮ್ಮಿಗೇ ಉರೀತಾವ ನೋಡು" ಎಂದು ಬೈದಳು. ಮಧ್ಯಾಹ್ನ ಮೂರರ ಹೊತ್ತಿಗೆ ಎಡಗಾಲಿನ ಹೆಬ್ಬೆರಳು ಒಂದಿಷ್ಟು ಅಲುಗಿತು. ಬಲಗಾಲು ಇನ್ನೂ ಅರ್ಧ ತಾಸು ತಡಮಾಡಿ ನನ್ನ ಮೂರನೆಯ ಪ್ರಶ್ನೆಯನ್ನು ನನಗೇ ಕೇಳಿ, ಆಮೇಲೆ ಅದೂ ಎದ್ದಿತು.

ಕಾಲು ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೆ ಅಪ್ಪ ಊರಿಗೆ ಹೊರಟ. ಕಣದಲ್ಲಿ ಜೋಳದ ರಾಶಿ ನಡೆದಿತ್ತು. ಹೋಗುವಾಗ, "ನಿನ್ನ ಕೈಯಾಗ ಬಿಟ್ಟು ಹೊಂಟೀನಿ. ಸಾಲಿ ಕಲಿತಾಕಿ ಅದಿ, ಡಾಕ್ಟರ್ ಹೇಳಿದಂಗ ಮಾಡು" ಎಂದ. ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಪ್ಪ ಕೂಗಾಡುವವನಲ್ಲ. ತಪ್ಪನ್ನು ಜತನವಾಗಿ ಎತ್ತಿಟ್ಟುಕೊಳ್ಳುವವನು. ನಾನು ಹತ್ತು ವರ್ಷದವಳಿದ್ದಾಗ ಕರುವನ್ನು ಸರಿಯಾಗಿ ಕಟ್ಟದೆ, ಅದು ಒಂದು ಹೊತ್ತಿನ ಹಾಲನ್ನೆಲ್ಲ ಕುಡಿದಿತ್ತು. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರ ಮುಂದೆಯೂ ಅಪ್ಪ ಅದನ್ನು ಹೇಳಿದ್ದ. ಗಂಡಿನವರು ನಕ್ಕರು, ಮತ್ತೆ ಬರಲಿಲ್ಲ.

ಆ ರಾತ್ರಿಯೆಲ್ಲ ಅವ್ವನ ತಲೆಯನ್ನು ಕಾದೆ. ಅವಳು ಹೊರಳಿದರೆ ನಾನು ಎದ್ದು ಕೂರುತ್ತಿದ್ದೆ. ಬೆಳಗಾಯಿತು. ಗಡುವು ಮುಗಿಯಲು ಇನ್ನೂ ನಾಲ್ಕೈದು ತಾಸು ಇತ್ತು. ಅವ್ವನ ತುಟಿ ಒಣಗಿ ಬಿರಿದಿತ್ತು. ನೀರು ಚೆನ್ನಾಗಿ ಕುಡಿಯಬೇಕು, ಕುಡಿದಷ್ಟೂ ಒಳ್ಳೆಯದು ಎಂದು ಡಾಕ್ಟರಬಾಯಿ ಹೇಳಿದ್ದರು. ತಂಬಿಗೆ ಹಿಡಿದು ಹೋದರೆ ಅವ್ವ ಬಾಯಿ ಮುಚ್ಚಿಕೊಂಡಳು.

"ಪೂಜಿ ಆಗಿಲ್ಲ."

"ಮಲಗೇ ಮಾಡು ಬೇ. ಲಿಂಗ ಅಂಗೈಯಾಗ ನಾನೇ ಇಡ್ತೇನಿ. ವಿಭೂತಿ ಹಚ್ಚತೇನಿ."

ಅವ್ವ ತಂಬಿಗೆಯನ್ನು ಆಚೆ ಸರಿಸಿದಳು. "ನಮ್ಮೋರು ಸತ್ತರೂ ಕುಂದರಿಸೇ ಮಣ್ಣ ಮಾಡ್ತಾರ ಶಾಂತಿ. ಹೆಣಾನೂ ಕುಂತು ಹೋಗ್ತದ, ಕೈಯಾಗ ಲಿಂಗ ಹಿಡ್ಕೊಂಡು. ಜೀವ ಇದ್ದಾಕಿ ಮಲಗಿ ಪೂಜಿ ಮಾಡ್ಲೇನು?"

ನಿಯಮ ಇದೆ ಎಂದೆ. "ನಂದೂ ನಿಯಮಾನೇ" ಎಂದಳು. ಮಧ್ಯಾಹ್ನದ ತನಕ ತಡಿ ಎಂದೆ. ತಡೆಯುತ್ತೇನೆ, ಅಲ್ಲಿಯವರೆಗೆ ನೀರು ಬೇಡ ಎಂದಳು. ಬಾಯಿ ಎಷ್ಟು ಒಣಗಿತ್ತೆಂದರೆ ಮಾತು ಅಂಟಂಟಾಗಿ ಬರುತ್ತಿತ್ತು. ನೀರು ಕುಡಿಯದಿದ್ದರೆ ಏನಾಗುತ್ತದೋ ಎಂಬ ಹೆದರಿಕೆ ಒಂದು ಕಡೆ, ತಲೆ ಎತ್ತಿದರೆ ಏನಾಗುತ್ತದೋ ಎಂಬ ಹೆದರಿಕೆ ಇನ್ನೊಂದು ಕಡೆ. ಬಾಗಿಲಿಗೆ ಹೋಗಿ ನೋಡಿದೆ. ಖಾಜಾಬೀ ಹಿಂದುಗಡೆ ಬಟ್ಟೆ ಒಗೆಯುತ್ತಿದ್ದಳು, ನರ್ಸಮ್ಮ ಇನ್ನೂ ಬಂದಿರಲಿಲ್ಲ. ತಿರುಗಿ ಬಂದು ಅವ್ವನ ಬೆನ್ನ ಹಿಂದೆ ಕೈ ಹಾಕಿ ಎಬ್ಬಿಸಿ ಕೂರಿಸಿದೆ. ಬಿಗಿಯಾಗಿ ಆನಿಕೊಂಡು ಕುಳಿತೆ. ಒದ್ದೆ ಬಟ್ಟೆಯಿಂದ ಮೈ ಒರೆಸಿದೆ. ಅವ್ವ ಎಡಗೈಯಲ್ಲಿ ಲಿಂಗ ಹಿಡಿದು, ವಿಭೂತಿ ಹಚ್ಚಿ, ನೀರು ಬಿಟ್ಟು, ಕಣ್ಣು ಮುಚ್ಚಿದಳು. ಐದು ನಿಮಿಷಕ್ಕೆ ಮುಗಿಸು ಎಂದಿದ್ದೆ. ಕಾಲು ತಾಸು ಆಯಿತು. ಆಮೇಲೆ ಮಲಗಿಸಿ ನೀರು ಕೊಟ್ಟೆ, ಒಂದು ತಂಬಿಗೆ ಪೂರ್ತಿ ಕುಡಿದಳು. ಏನೂ ಆಗಲಿಲ್ಲ. ನನಗೆ ಡಾಕ್ಟರಿಗಿಂತ ನಾನೇ ಹೆಚ್ಚು ತಿಳಿದವಳು ಅನ್ನಿಸಿತು.

ಶನಿವಾರ ತಲೆ ನೋವು ಶುರುವಾಯಿತು.

ಸುಮ್ಮನೆ ತಲೆ ನೋವಲ್ಲ. ಎದ್ದು ಕೂತ ಕೂಡಲೇ ಹಿಂದಲೆಯಿಂದ ಹಣೆಯವರೆಗೆ ಯಾರೋ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಆಗುತ್ತಿತ್ತು ಅವ್ವನಿಗೆ. ಕುತ್ತಿಗೆ ಸೆಟೆಯುತ್ತಿತ್ತು, ವಾಂತಿ ಬರುತ್ತಿತ್ತು. ಮಲಗಿಸಿದರೆ ಎರಡು ನಿಮಿಷದಲ್ಲಿ ಇಳಿದುಹೋಗುತ್ತಿತ್ತು. ಸೂಜಿ ಡಾಕ್ಟರು ಹೇಳಿದ್ದ ನೋವೇ ಅದು, ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನೇ ನನ್ನ ಕೈಯಾರೆ ಎಬ್ಬಿಸಿ ಕೂರಿಸಿದ್ದೆ.

ಡಾಕ್ಟರಬಾಯಿ ಬಂದು ನೋಡಿ, "ನಿನ್ನಿ ಟೈಮ್ ಆಗೋಕಿಂತ ಮೊದಲು ಎದ್ದಿದ್ರೇನು?" ಎಂದು ಕೇಳಿದರು. ಕೇಳುವಾಗ ನೋಡಿದ್ದು ನನ್ನನ್ನು. ಅಷ್ಟರಲ್ಲಿ ಅವ್ವ ಮಲಗಿದಲ್ಲಿಂದಲೇ ಹೇಳಿದಳು.

"ಇಲ್ರಿ ಬಾಯೀ. ಇಕಿ ನನ್ನ ಕತ್ತು ಸುದ್ದಾ ಹೊಳ್ಳಸಗೊಟ್ಟಿಲ್ಲ."

"ಮಲಗಿದ್ರ ಕಮ್ಮಿ ಆಗ್ತದೇನು?"

"ಇಲ್ರಿ. ಮಲಗಿದ್ರೂ ಅಷ್ಟ, ಎದ್ದರೂ ಅಷ್ಟ."

ಹೇಳುವಾಗ ಅವ್ವನ ಕೈ ಎದೆಯ ಮೇಲೆ, ಕರಡಿಗೆಯ ಮೇಲೇ ಇತ್ತು. ಕೂತಾಗ ಮಾತ್ರ ನೋಯುತ್ತದೆ ಎಂದರೆ ಕೂತದ್ದು ಹೊರಬೀಳುತ್ತದೆ ಎಂದು ಅವಳ ಲೆಕ್ಕ. ನಮ್ಮವ್ವ ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಯಡ್ರಾಮಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಅಕ್ಕೋರು, ಅಂದರೆ ನಾನು, ತಲೆ ತಗ್ಗಿಸಿ ಚಾದರದ ಅಂಚು ಸರಿಮಾಡಿದೆ.

ಭಾನುವಾರ ಜ್ವರ ಬಂತು. ಹೆಚ್ಚೇನಲ್ಲ, ಆದರೆ ಬಂತು. ಡಾಕ್ಟರಬಾಯಿಯ ಮುಖ ಬದಲಾಯಿತು. ಗುಲ್ಬರ್ಗಾಕ್ಕೆ ಫೋನು ಮಾಡಿದರು. ಆ ದಿನವೆಲ್ಲ ಅವ್ವ ಮಲಗಿದಾಗ ನೋವಿಲ್ಲದಿದ್ದರೂ, ನರ್ಸಮ್ಮ ಬಂದಾಗಲೆಲ್ಲ ನರಳುತ್ತಿದ್ದಳು. ನರ್ಸಮ್ಮ ಹೋದ ಮೇಲೆ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ನನಗೆ ಅಳು ಬಂತು. "ಹೇಳಿಬಿಡ್ತೇನಿ ಬೇ" ಎಂದೆ. "ನಾಕು ದಿನದಾಗ ತಾನೇ ಹೋಗ್ತದ. ಸುಮ್ಮ ಕುಂದರು" ಎಂದಳು. ಸುಮ್ಮನೆ ಕುಳಿತೆ. ಹೆದರುವವರಿಗೆ ಸುಮ್ಮನೆ ಕೂರು ಎಂದವರ ಮಾತು ಬೇಗ ಹಿಡಿಸುತ್ತದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಸೂಜಿ ಡಾಕ್ಟರು ಬಂದರು. ಗುರುವಾರ ಅಲ್ಲದ ದಿನ ಅವರನ್ನು ನೋಡಿದ್ದು ನನಗೆ ಅದೇ ಮೊದಲು. ಅವ್ವನ ಕುತ್ತಿಗೆ ಬಗ್ಗಿಸಿ ನೋಡಿದರು, ಜ್ವರದ ಚೀಟಿ ನೋಡಿದರು, ಅವೇ ಪ್ರಶ್ನೆ ಕೇಳಿದರು. ಅವ್ವ ಅವೇ ಉತ್ತರ ಕೊಟ್ಟಳು. ಹೊರಗೆ ಬಂದು ಅವರು ನನ್ನ ಹತ್ತಿರ ಮೆಲ್ಲಗೆ ಮಾತಾಡಿದರು. "ಎದ್ದಿಲ್ಲಂತಾರ, ಮಲಗಿದ್ರೂ ನೋಯ್ತದಂತಾರ, ಮ್ಯಾಲ ಬುಖಾರ್ ಅದ. ಸೂಜಿ ಹೋದ ದಾರ್ಯಾಗ ನಂಜೇನರ ಒಳಗ ಹೋಗಿ ಮಿದುಳಿನ ಪೊರಿಗೆ ಹತ್ಯಾದೋ ಏನೋ ಅಂತ ನಂಗ ಅಂಜಿಕಿ. ಬೆನ್ನಾಗಿಂದ ಮತ್ತ ನೀರು ತಗದು ಗುಲಬರ್ಗಾಕ್ಕ ಕಳಸಬೇಕು. ಹಾಂಗೇ ಇದ್ರ ಇವತ್ತೇ ಅಮ್ಮನ್ನೂ ಒಯ್ಯಬೇಕಾಗ್ತದ." ಹಾಗೆ ಹೇಳುವಾಗ ಅವರೂ ಹೆದರಿದ್ದರು. ಹಿಂದಿನ ರಾತ್ರಿ ಅವರು ನಿದ್ದೆ ಮಾಡಿರಲಿಲ್ಲ ಎಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಬೆನ್ನಿನಿಂದ ನೀರು ತೆಗೆಯುವುದೆಂದರೆ ಅದೇ ಸೂಜಿ. ಅದೇ ಬೆಕ್ಕಿನ ಬೆನ್ನು. ನಾನು ಒಳಗೆ ಬಂದಾಗ ಖಾಜಾಬೀ ತಟ್ಟೆ ತಂದಿಟ್ಟಿದ್ದಳು. ಅವ್ವನಿಗೆ ವಿಷಯ ತಿಳಿಸಿದ್ದರು. ಬಾವಿ ನೋಡಿಕೊಳ್ಳುತ್ತೇನೆ ಎಂದಿದ್ದವಳು ಒಂದು ಮಾತೂ ಆಡದೆ ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ತಾನೇ ಬೆನ್ನು ಬಗ್ಗಿಸಿದಳು. ಎರಡೂ ಕೈಯಲ್ಲಿ ಕರಡಿಗೆ ಹಿಡಿದಿದ್ದಳು. ಕಣ್ಣು ನನ್ನ ಮೇಲೆ. ಆ ಕಣ್ಣು ಸುಮ್ಮನಿರು ಎನ್ನುತ್ತಿತ್ತು. ಡಾಕ್ಟರು ಸ್ಪಿರಿಟ್ ಹಚ್ಚಿದರು. ಅದರ ವಾಸನೆ ಮೂಗಿಗೆ ಬಂತು, ಸೂಜಿಯ ಮುಚ್ಚಳ ತೆಗೆದರು.

"ಸುಳ್ಳು ಹೇಳ್ಯಾಳ್ರಿ ನಮ್ಮವ್ವ" ಎಂದೆ. "ಶುಕ್ರವಾರ ಹೊತ್ತು ಹೊಂಡೂದ್ರಾಗ ನಾನೇ ಎಬ್ಬಿಸಿ ಕುಂದರಿಸೇನ್ರಿ. ಪೂಜಿ ಇಲ್ದ ನೀರು ಕುಡಿಲಿಲ್ರಿ ಅಕಿ. ಕಾಲು ತಾಸು ಕುಂತಾಳ. ಮಲಗಿದ್ರ ನೋವು ಇಲ್ರಿ, ಕುಂತಾಗ ಅಷ್ಟೇ."

ಡಾಕ್ಟರು ಸೂಜಿಯನ್ನು ತಟ್ಟೆಯಲ್ಲಿಟ್ಟು ಸ್ಟೂಲಿನ ಮೇಲೆ ಕುಳಿತರು. ಆಮೇಲೆ ತಾವೇ ಅವ್ವನನ್ನು ಎಬ್ಬಿಸಿ ಕೂರಿಸಿದರು. ಅವ್ವನ ಮುಖ ಕಿವುಚಿತು. ಮಲಗಿಸಿದರು. ಎರಡು ನಿಮಿಷಕ್ಕೆ ಮುಖ ಸಡಿಲಾಯಿತು. ಮೂತ್ರದ ನಳಿಕೆಯ ಬಗ್ಗೆ ನರ್ಸಮ್ಮನನ್ನು ಏನೋ ಕೇಳಿ, "ಬುಖಾರ್ ಅದರದ್ದು, ಗೋಳಿಗಿ ಕೊಟ್ರ ಹೋಗ್ತದ" ಎಂದರು. ಮತ್ತೆ ಅವ್ವನ ಕಡೆ ತಿರುಗಿದರು.

"ಅಮ್ಮಾ, ಈ ಬ್ಯಾನಿ ಎದ್ದು ಕುಂತಿದ್ದಕ್ಕೇ ಬಂತು ಅಂತಲ್ಲ. ನಾ ಮೂರು ಸಲ ಚುಚ್ಚೇನಿ, ನನ್ನ ಸೂಜ್ಯೂ ದಪ್ಪ. ಪಟ್ಟಂತ ಮಲಗಿದೋರಿಗೂ ಬಂದಿದ್ದು ನೋಡೇನಿ. ನೀವು ಖರೇ ಹೇಳಿದ್ರ ಕಡಕ್ ಚಹಾ ಕುಡದು ಎಂಟು ದಿನ ಮಲಗ್ರಿ ಅಂತಿದ್ದೆ, ಅಷ್ಟೇ. ಸುಳ್ಳಿಗೆ ಮತ್ತ ಸೂಜಿ ತಗೋತಿದ್ರಿ." ಸೂಜಿಗೆ ಮತ್ತೆ ಮುಚ್ಚಳ ಹಾಕುತ್ತಾ, "ನಮ್ಮಲ್ಲಿ ಏಳಲಾರದೋರು ಮಲಗೇ ನಮಾಜ್ ಮಾಡ್ತಾರ್ರಿ. ಅದೂ ಆಗದಿದ್ರ ಕಣ್ಣಿನ ಸನ್ನೀಲೇ. ಅವ ಒಪ್ಕೋತಾನ" ಎಂದರು.

ಅವರು ಹೋದ ಮೇಲೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಚಹಾ ತಂದುಕೊಟ್ಟೆ, ಕುಡಿದು ಮತ್ತೆ ಗೋಡೆಗೇ ತಿರುಗಿದಳು. ಇನ್ನೊಂದು ತಂದೆ, ಅದನ್ನೂ ಕುಡಿದಳು. ನಾನು ಕಾಲು ಒತ್ತುತ್ತಾ ಕುಳಿತೆ. "ಸೂಜಿ ಹಾಕ್ತಿದ್ರು ಬೇ. ಹ್ಯಾಂಗ ಸುಮ್ಮ ಇರ್ಲಿ?" ಎಂದೆ.

"ಹಾಕಿದ್ರ ಹಾಕ್ತಿದ್ರು. ಬೆನ್ನ ನಂದು." ಗೋಡೆಗೇ ಹೇಳಿದಳು. "ನಾ ಸುಳ್ಳ ಹೇಳಿದ್ದು ಲಿಂಗಪ್ಪಗ ಗೊತ್ತಿತ್ತು. ಅವನ ಕೂಡ ನಾ ಬಗಿಹರಸ್ಕೋತಿದ್ದೆ. ಈಗ ಇಡೀ ದವಾಖಾನಿಗೆ ಗೊತ್ತಾತು. ನಾಳಿ ನಿಮ್ಮಪ್ಪ ಬರ್ತಾನ."

ಆಗ ನನಗೆ ಅರ್ಥವಾಯಿತು. ಆ ನರಳಾಟ, ಆ ಬಗ್ಗಿದ ಬೆನ್ನು ಎಲ್ಲ ಯಾತಕ್ಕೆ ಎಂದು. ಕರುವಿನ ಹಾಲನ್ನೇ ಹದಿನಾಲ್ಕು ವರ್ಷ ಎತ್ತಿಟ್ಟುಕೊಂಡವನು ಇದನ್ನು ಬಿಡುತ್ತಾನೆಯೇ? ಅವ್ವನ ತಲೆ ಎಂದು ನೋಯಲಿ, ಯಾವ ಕಾರಣಕ್ಕಾದರೂ ನೋಯಲಿ, ಅದು ನನ್ನ ಹೆಸರಿಗೆ ಬರುತ್ತಿತ್ತು. ನನ್ನ ಮದುವೆಯ ಮಾತಿನಲ್ಲಿ ಬರುತ್ತಿತ್ತು, ಮುಂದೆ ಎಂದೋ ಅವ್ವ ಸಾಯುವ ದಿನವೂ ಬರುತ್ತಿತ್ತು. ನಾನು ಅವಳ ಕಾಲನ್ನು ಹಿಡಿದುಕೊಂಡೇ ಅತ್ತೆ. ಅವ್ವ ಕಾಲು ಎಳೆದುಕೊಳ್ಳಲಿಲ್ಲ.

ಮಂಗಳವಾರ ಅಪ್ಪ ಬಂದ. ಹೊಸ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದ. ರುಮಾಲಿನ ಮೇಲೆ ಕಣದ ಹೊಟ್ಟು ಇನ್ನೂ ಇತ್ತು. ಬಾಗಿಲಲ್ಲೇ ಖಾಜಾಬೀ ಅವ್ವನ ತಲೆನೋವಿನ ಸುದ್ದಿ ಹೇಳಿದ್ದಳು, ಯಾಕೆ ಎಂದು ಹೇಳಿರಲಿಲ್ಲ. ಅಪ್ಪ ಗಂಟನ್ನು ಕೆಳಗಿಟ್ಟು, ಅವ್ವನನ್ನು ನೋಡಿ, ಆಮೇಲೆ ನನ್ನನ್ನು ನೋಡಿದ.

"ಹ್ಯಾಂಗ ಬಂತು ಇದು? ತಲಿ ಎತ್ತಬಾರ್ದಂತ ಹೇಳಿದ್ರಲ್ಲ."

ನಾನು ಬಾಯಿ ತೆರೆದೆ. ಅವ್ವ ನನಗಿಂತ ಮೊದಲೇ ಮಾತಾಡಿದಳು. ಬಲಗೈ ಎದೆಯ ಮೇಲೆ, ಕರಡಿಗೆಯ ಮೇಲೆ.

"ನಾನೇ ಎದ್ದೇನ್ರಿ. ಇಕಿ ನೀರು ತರಾಕ ಹೋಗಿದ್ಲು, ಅಕಿಗೆ ಗೊತ್ತಿಲ್ಲ."

ಹೇಳಿ ನನ್ನ ಕಡೆ ನೋಡಿದಳು. ಡಾಕ್ಟರಬಾಯಿ ಪಕ್ಕದ ಮಂಚದ ಹತ್ತಿರ ನಿಂತಿದ್ದರು, ಅವರಿಗೂ ಕೇಳಿಸಿತು. ಅವರೇನೂ ಅನ್ನಲಿಲ್ಲ. ಅಪ್ಪ, "ನಿನಗ ಮೊದಲಿಂದ ಅವಸರ" ಎಂದು ಅವ್ವನನ್ನು ಬೈದು, ಗಂಟು ಬಿಚ್ಚಿ ನನ್ನ ಕೈಗೆ ಒಂದು ರೊಟ್ಟಿ ಕೊಟ್ಟ. "ನೀ ಉಣ್ಣು. ಸೊರಗೀದಿ, ಪಾಪ" ಎಂದ.

ಆ ರೊಟ್ಟಿಯನ್ನು ನಾನು ಸುಮ್ಮನೆ ತಿಂದೆ. ಅವ್ವನ ತಲೆನೋವು ಒಂಬತ್ತನೆಯ ದಿನಕ್ಕೆ ಹೋಯಿತು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಕೊನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದ: "ಅವತ್ತು ದವಾಖಾನ್ಯಾಗ ನಮ್ಮ ಶಾಂತಿ ಅವ್ವನ್ನ ಹ್ಯಾಂಗ ಕಾದಾಳ ಕೇಳ್ರಿ." ಅವನು ಹೇಳುವಾಗೆಲ್ಲ ಅವ್ವ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಒಂದು ಗಳಿಗೆ ಸದ್ದು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರುವಾಗುತ್ತಿತ್ತು.